ಎಂಟನೆಯ ನಿಮಿಷ

ನೀರಿನ ಲಾರಿ ಬಂದದ್ದು ಆರೂವರೆಗೆ. ಆರು ಕೊಡ ಹಿಡಿದು, ಒಂದೊಂದಾಗಿ ಎರಡನೇ ಮಹಡಿಗೆ ಹತ್ತಿಸಿ, ಡ್ರಮ್ಮಿನ ಬಾಯಿಗೆ ಹಳೆ ಪಂಚೆಯ ತುಂಡು ಕಟ್ಟಿ ಸೋಸುತ್ತಿದ್ದೆ. ನಾಲ್ಕನೆಯ ಕೊಡ ಅರ್ಧ ಬಗ್ಗಿಸಿದ್ದಾಗ ಒಳಗಿನ ಕೋಣೆಯಿಂದ ವಿಭಾ ಕೂಗಿದಳು.

“ಅಮ್ಮಾ! ಪೋಚ್ಚು!”

ಹೋಯಿತು ಅಂತ. ಏನು ಹೋಯಿತು ಎಂದು ಕೇಳಬೇಕಾಗಿರಲಿಲ್ಲ. ವಾರದ ಮೇಲಾಗಿತ್ತು, ನಮ್ಮ ಮನೆಯಲ್ಲಿ ಹೀಗೆ ಹೋಗುತ್ತಿದ್ದುದು ಒಂದೇ, ಕಂಪ್ಯೂಟರ್. ಕೊಡ ಕೆಳಗಿಟ್ಟು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹೋದೆ. ಪರದೆ ಕಪ್ಪಗಿತ್ತು. ಮಗಳು ಎರಡೂ ಕೈ ಕೀಬೋರ್ಡಿನ ಮೇಲೆ ಹಾಗೇ ಇಟ್ಟುಕೊಂಡು ಕೂತಿದ್ದಳು, ಕೈ ತೆಗೆದರೆ ಇನ್ನೇನಾದರೂ ಆದೀತು ಎಂಬಂತೆ.

“ಎಷ್ಟು ಹೊತ್ತು ಆಡಿದ್ದೆ?”

“ಎಟ್ಟು ನಿಮಿಷಂ.”

ವಿಭಾಗೆ ಒಂಬತ್ತು ವರ್ಷ. ಮದರಾಸಿನ ಈ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ತಮಿಳಿನಲ್ಲಿ ಹೇಳುತ್ತಾಳೆ. ಹೋದ ವರ್ಷದ ನವರಾತ್ರಿಯಿಂದ ಹೀಗೆ. ಅದಕ್ಕೊಂದು ಕಾರಣವಿತ್ತು, ಆಮೇಲೆ ಹೇಳುತ್ತೇನೆ.

ಅವಳಪ್ಪ ಮಧ್ವರಾಜ ಸ್ನಾನ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಂಡೇ ಬಾಗಿಲಲ್ಲಿ ನಿಂತರು. ಇನ್‌ಶೂರೆನ್ಸ್ ಆಫೀಸಿನಲ್ಲಿ ಇಪ್ಪತ್ತು ವರ್ಷ ಕ್ಲೇಮುಗಳನ್ನು ನೋಡಿದವರು. ಯಾವ ನಷ್ಟಕ್ಕೂ ಯಾರದೋ ತಪ್ಪು ಇದ್ದೇ ಇರುತ್ತದೆ ಎಂಬುದು ಅವರ ನಂಬಿಕೆ.

“ಮತ್ತೆ ಆರಿತಾ? ಆಯ್ತು ಬಿಡು. ನಾಳೆ ಭಾನುವಾರ ಅಣ್ಣ ತಾಂಬರಂನಿಂದ ಕಾರು ತಗೊಂಡು ಬರ್ತಾನೆ. ಅವನ ಮಗ ಗುರುಚರಣನಿಗೆ ಕಾಲೇಜಿಗೆ ಕಂಪ್ಯೂಟರ್ ಬೇಕಂತೆ. ಅವನು ಪ್ರೋಗ್ರಾಂ ಬರೀತಾನೆ, ಆಟ ಆಡಲ್ಲ. ಅವನ ಹತ್ರ ಕೆಡಲ್ಲ.”

“ಕೆಟ್ಟಿದ್ದು ಯಾಕೆ ಅಂತ ನೋಡಬಾರದೇನ್ರೀ?”

“ನೋಡೋದೇನು? ಟೈಪ್ ಮಾಡಿದ್ರೆ ಸರಿಯಾಗಿರತ್ತೆ, ಆಟ ಹಾಕಿದ್ರೆ ಆರತ್ತೆ. ಅಂದ್ರೆ ಆಟದಿಂದ್ಲೇ ಕೆಟ್ಟಿದೆ. ಇದಕ್ಕೆ ಎಂಜಿನಿಯರ್ ಬೇಕಾ?”

“ಒಲೆ ಮೇಲೆ ಕಾಫಿಗೆ ಇಟ್ರೆ ಸರಿಯಾಗಿ ಉರಿಯತ್ತೆ, ಸಾರಿಗೆ ಇಟ್ರೆ ಆರಿಹೋಗತ್ತೆ ಅಂದ್ರೆ, ತಪ್ಪು ಸಾರಿಂದಾ?”

ಅವರು ನಕ್ಕರು. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. “ಇವತ್ತು ಅರ್ಧ ದಿನ ಆಫೀಸು. ಮೂರಕ್ಕೆ ಬರ್ತೀನಿ. ಅಷ್ಟರೊಳಗೆ ನಿನ್ನ ಸಾರು ಕುದಿದ್ರೆ ಇರ್ಲಿ. ಇಲ್ಲಾಂದ್ರೆ ನಾಳೆ ಕಾರಿಗೆ.”

ವಿಭಾ ಕೀಬೋರ್ಡಿನಿಂದ ಕೈ ತೆಗೆದಳು. ಆ ಪೆಟ್ಟಿಗೆ ಹೋದರೆ ಅವಳಿಗೆ ಏನೇನು ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಮೇಲಿನ ಮನೆಯ ಮಧುರಾ ಸಂಜೆ ನಮ್ಮಲ್ಲಿಗೆ ಬರಲು ಶುರುಮಾಡಿದ್ದು ಕಂಪ್ಯೂಟರ್ ಬಂದ ಮೇಲೆ. ಕಾರಿನ ಓಟದ ಆಟ ಅದು. ಒಬ್ಬಳು ಬಾಣದ ಗುರುತಿನ ಕೀ ಒತ್ತಿ ತಿರುಗಿಸಬೇಕು, ಇನ್ನೊಬ್ಬಳು ವೇಗ ನೋಡಿಕೊಳ್ಳಬೇಕು. ಎರಡು ತಲೆ ಒಂದಕ್ಕೊಂದು ತಾಗಿಸಿಕೊಂಡು ಕೂರುತ್ತಿದ್ದರು. ಶಾಲೆ ಬದಲಾಯಿಸಿದ ಮೇಲೆ ನನ್ನ ಮಗಳಿಗೆ ಸಿಕ್ಕ ಮೊದಲ ಗೆಳತಿ. ಈಚೆಗೆ ಮಧುರಾ ಬಂದು, ಎಂಟನೆಯ ನಿಮಿಷಕ್ಕೆ ಪರದೆ ಕಪ್ಪಾದ ಕೂಡಲೆ, “ಸರಿ, ನಾಳೆ ಬರ್ತೀನಿ” ಎಂದು ಎದ್ದು ಹೋಗುತ್ತಿದ್ದಳು. ಮೂರು ದಿನದಿಂದ ಬಂದೇ ಇರಲಿಲ್ಲ.

ಉಳಿದ ಕೊಡಗಳನ್ನು ಸೋಸಿ ಮುಗಿಸಿದೆ. ತೆಂಗಿನಕಾಯಿ ಚಟ್ನಿಗೆ ಮಿಕ್ಸಿ ಹಾಕಿದೆ. ವಿಭಾ ಬಂದು ಪಕ್ಕದಲ್ಲಿ ನಿಂತು ಏನೋ ಅಂದಳು. ಮಿಕ್ಸಿಯ ಸದ್ದಿನಲ್ಲಿ “ಅದುಕ್ಕುಳ್ಳೆ ಅರಿಸಿ…” ಎನ್ನುವಷ್ಟು ಕಿವಿಗೆ ಬಿತ್ತು. ನನಗೆ ಕೇಳಿಸಿದ್ದು ಅರಿಶಿನ. ಹೌದಲ್ಲ, ಆಯುಧಪೂಜೆಯ ದಿನ ಹಚ್ಚಿದ ಅರಿಶಿನ ಕುಂಕುಮ ಆ ಪೆಟ್ಟಿಗೆಯ ಮೇಲೆ ಇನ್ನೂ ಇತ್ತು. ಕೆಲವು ಕಡೆ ಒಣಗಿ ಪುಡಿ ಉದುರುತ್ತಿತ್ತು. ಧೂಳು ಒಳಗೆ ಹೋಗಿರಬಹುದು, ಹುಡುಗಿ ಎಷ್ಟು ಚೆನ್ನಾಗಿ ಯೋಚನೆ ಮಾಡಿದಳು ಎಂದುಕೊಂಡು ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ಒರೆಸತೊಡಗಿದೆ.

ಅತ್ತೆ ತುಂಗಮ್ಮ ಜಪದ ಮಧ್ಯೆಯೇ ಬಂದರು. ಅವರು ಹುಟ್ಟಿ ಬೆಳೆದದ್ದು ಮದರಾಸಿನಲ್ಲೇ. ಅವರ ಅಜ್ಜನ ಕಾಲಕ್ಕೆ ಕುಟುಂಬ ಇಲ್ಲಿಗೆ ಬಂದದ್ದು.

“ಏನ್ ಮಾ ರಂಜನಿ, ಪೂಜೆ ಮಾಡಿದ ಕುಂಕುಮ ಯಾರಾದ್ರೂ ಒರೆಸ್ತಾರಾ? ತಾನಾಗಿ ಹೋಗ್ಬೇಕು ಅದು.”

“ಪೆಟ್ಟಿಗೆ ಹುಷಾರಿಲ್ಲ ಅತ್ತೆ. ಅದಕ್ಕೆ.”

“ಜ್ವರವಾ?” ಎಂದು ಹೇಳಿ, ಉತ್ತರಕ್ಕೆ ಕಾಯದೆ ಜಪಮಣಿ ತಿರುಗಿಸುತ್ತ ಹೋದರು.

ನಾನು ಒರೆಸುವುದನ್ನು ವಿಭಾ ನೋಡುತ್ತಲೇ ಇದ್ದಳು. ಬಾಯಿ ಸ್ವಲ್ಪ ತೆರೆದಿತ್ತು.

“ಏನೇ ಪುಟ್ಟಿ? ಏನೋ ಕೇಳ್ಬೇಕು ಅಂತಿದೀಯಾ?”

“ಒಣ್ಣುಮಿಲ್ಲೆ.”

ಏನಿಲ್ಲ ಎನ್ನುವುದಕ್ಕೆ ಅದು ಅವಳ ಮಾತು. ಆಯುಧಪೂಜೆಯಿಂದ ಈಚೆಗೆ ದಿನಕ್ಕೆ ನಾಲ್ಕು ಸಲವಾದರೂ ಕೇಳಿದ್ದೆ. ಅಜ್ಜಿಯ ಕೋಣೆಯ ಬಾಗಿಲವರೆಗೂ ಹೋಗಿ, ನಿಂತು, ಹಿಂದಕ್ಕೆ ಬಂದದ್ದನ್ನೂ ನೋಡಿದ್ದೆ. ಒಳಗೆ ಯಾವುದೋ ಒಂದು ಪ್ರಶ್ನೆ ಕೂತಿದೆ, ಹೊರಗೆ ಬರಲು ದಾರಿ ಸಿಗುತ್ತಿಲ್ಲ. ಕಂಪ್ಯೂಟರಿನದೇ ಇರಬೇಕು ಎಂದುಕೊಂಡಿದ್ದೆ.

ಇಡ್ಲಿ ಉಬ್ಬದಿದ್ದರೆ ನಾನು ಒಂದೇ ದಿನ ಉದ್ದು, ನೀರು, ಉಪ್ಪು ಎಲ್ಲ ಬದಲಾಯಿಸುವುದಿಲ್ಲ. ಒಂದು ದಿನ ಒಂದನ್ನು ಮಾತ್ರ ಬದಲಾಯಿಸಿ ನೋಡುತ್ತೇನೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಇಡ್ಲಿ ಉಬ್ಬಬಹುದು, ಯಾಕೆ ಉಬ್ಬಿತು ಎಂದು ಮಾತ್ರ ಗೊತ್ತಾಗುವುದಿಲ್ಲ. ಇದಕ್ಕೂ ಹಾಗೇ ಮಾಡೋಣ ಎಂದು, ದಿನದ ಕ್ಯಾಲೆಂಡರಿನಿಂದ ಹರಿದಿಟ್ಟ ಹಳೆ ಹಾಳೆಗಳ ಹಿಂಬದಿಯಲ್ಲಿ ಬರೆಯಲು ಶುರುಮಾಡಿದೆ. ವಿಭಾಗೆ ಗಡಿಯಾರ ನೋಡುವ ಕೆಲಸ ಕೊಟ್ಟೆ.

ಮೊದಲು ಫ್ರಿಜ್ಜು ಆರಿಸಿ ಆಟ ಹಾಕಿದೆವು. ವೋಲ್ಟೇಜ್ ಸಾಲದೆ ಹೀಗಾಗುತ್ತಿರಬಹುದು ಅಂತ. ಎಂಟು ನಿಮಿಷ, ಆರಿತು. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿದರೂ ಎಂಟೇ. ಹುರುಳಿಕಾಯಿ ಹೆಚ್ಚಿ ಬಂದು, ಆಟ ಬಿಟ್ಟು ಬರೀ ಟೈಪ್ ಮಾಡಿದೆ. ಅತ್ತೆಯ ಹಸ್ತಾಕ್ಷರದಲ್ಲಿದ್ದ ಬಿಸಿಬೇಳೆಭಾತಿನ ಪುಡಿಯ ಅಳತೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತ ಮುಕ್ಕಾಲು ಗಂಟೆ ಕೂತೆ. ಏನೂ ಆಗಲಿಲ್ಲ. ಇವರ ಮಾತೇ ನಿಜವೇನೋ, ಆಟವೇ ತಪ್ಪೇನೋ ಎನಿಸಿತು ಒಂದು ಗಳಿಗೆ.

ಆಮೇಲೆ ಒಂದು ವಿಚಿತ್ರ ಕಂಡಿತು. ಮತ್ತೆ ಆಟ ಹಾಕಿ, ಆರಿದ ತಕ್ಷಣ ಬಿಡದೆ ಇನ್ನೊಮ್ಮೆ ಹಾಕಿದೆವು.

“ಎಷ್ಟೇ?”

“ಮೂಣು ನಿಮಿಷಂ!” ಗಡಿಯಾರದಿಂದ ತಲೆಯೆತ್ತಿ ನೋಡಿದಳು. ಕಣ್ಣುಗಳು ಅಗಲವಾಗಿದ್ದವು.

ಎಂಟಿದ್ದದ್ದು ಮೂರಕ್ಕೆ ಇಳಿಯಿತು. ಯಾಕೆ? ಆಟ ಅದೇ, ಕರೆಂಟು ಅದೇ. ಬದಲಾದದ್ದು ಒಂದೇ: ಈ ಸಲ ಅದಕ್ಕೆ ಸುಧಾರಿಸಿಕೊಳ್ಳಲು ಬಿಡುವು ಸಿಕ್ಕಿರಲಿಲ್ಲ. ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಇಟ್ಟೆ. ಮಕ್ಕಳ ಹಣೆ ಮುಟ್ಟಿ ಅಭ್ಯಾಸವಿರುವ ಕೈ. ಅತ್ತೆ ತಮಾಷೆಗೆ ಹೇಳಿದ್ದು ನಿಜವೇ ಆಗಿತ್ತು.

“ಮುಟ್ಟಿ ನೋಡು.”

ವಿಭಾ ಮುಟ್ಟಿದಳು. “ಸುಡುದು,” ಎಂದಳು ಪಿಸುದನಿಯಲ್ಲಿ.

ಮುಂಚೆ ಹುಡುಗಿಯರಿಬ್ಬರೂ ಒಂದೊಂದು ಗಂಟೆ ಆಡುತ್ತಿದ್ದರು. ಆಗಸ್ಟಿನ ಸೆಕೆಯಲ್ಲೂ ಆಡಿದ್ದರು. ಈಗ ಅಕ್ಟೋಬರ್ ಕೊನೆ, ಮೊನ್ನೆ ತಾನೇ ಎರಡು ದಿನ ಮಳೆ ಬಂದು ಊರು ತಣ್ಣಗಾಗಿದೆ. ಊರು ತಣ್ಣಗಾದ ಮೇಲೆ ಇದಕ್ಕೆ ಯಾಕೆ ಜ್ವರ? ಟೇಬಲ್ ಫ್ಯಾನ್ ತಂದು ಎದುರಿಗಿಟ್ಟೆವು. ಹದಿನಾಲ್ಕು ನಿಮಿಷ ಓಡಿತು. ಕ್ಯಾಲೆಂಡರ್ ಹಾಳೆಯ ಮೇಲೆ ಹದಿನಾಲ್ಕು ಎಂದು ಬರೆದು ಸುತ್ತ ಒಂದು ವೃತ್ತ ಹಾಕಿದಾಗ, ಸುಳ್ಳು ಹೇಳಲಾರೆ, ಸಾರಿನ ಪರಿಮಳ ಸರಿಯಾಗಿ ಬಂದಾಗ ಆಗುವಂಥ ಸಂತೋಷವಾಯಿತು.

ಜೂನಿನಲ್ಲಿ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ತಿರುಮಲ ಎನ್ನುವವರಿಗೆ ಫೋನ್ ಮಾಡಿದೆ. ಸೋಮವಾರಕ್ಕೆ ಮುಂಚೆ ಬರಲಾಗುವುದಿಲ್ಲ ಎಂದರು. ನಾನು ಬರೆದುಕೊಂಡದ್ದನ್ನೆಲ್ಲ ಓದಿ ಹೇಳಿದೆ.

“ಮೇಡಂ, ನೀವು ಎಲ್ಲಾದರೂ ಕೆಲಸ ಮಾಡ್ತೀರಾ?” ಎಂದರು ತಮಿಳಿನಲ್ಲಿ.

“ಮನೇಲಿ ಮಾಡ್ತೀನಿ.”

“ಒಳಗೊಂದು ಸಣ್ಣ ಫ್ಯಾನ್ ಇದೆ. ಆಟ ಆಡುವಾಗ ಅದರ ಮಿದುಳಿಗೆ ಕೆಲಸ ಜಾಸ್ತಿ, ಬಿಸಿ ಆಗುತ್ತೆ. ತಣ್ಣಗೆ ಮಾಡೋದು ಆ ಫ್ಯಾನೇ. ಅದು ನಿಂತ್ರೆ, ಸುಟ್ಟುಹೋಗಬಾರದು ಅಂತ ತಾನೇ ಆರಿಬಿಡುತ್ತೆ. ಬೆರಳಲ್ಲಿ ತಳ್ಳಿದ್ರೆ ಫ್ಯಾನ್ ಸುತ್ತುತ್ತಾ, ನೋಡಿ. ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ. ನಾಲ್ಕು ಸ್ಕ್ರೂ ಅಷ್ಟೆ.”

ಫೋನ್ ಇಟ್ಟು ನಿಂತೆ. ಬಿಚ್ಚಿ ಏನಾದರೂ ಹೆಚ್ಚುಕಡಿಮೆಯಾದರೆ ನಾಳೆ ಕಾರಿಗೂ ಬೇಡದ ಹಾಗಾಗುತ್ತದೆ. ತಪ್ಪು ಯಾರದೆಂದು ಇವರು ಹುಡುಕುವ ಕೆಲಸವೂ ಉಳಿಯುವುದಿಲ್ಲ. ಗಡಿಯಾರ ಎರಡು ತೋರಿಸುತ್ತಿತ್ತು. ಅತ್ತೆ ಊಟ ಮುಗಿಸಿ ಮಲಗಿದ್ದರು. ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ಸ್ಕ್ರೂಡ್ರೈವರ್ ತಂದೆ.

ಪ್ಲಗ್ ಕಿತ್ತೆ. ಪೆಟ್ಟಿಗೆಯನ್ನು ಮೇಜಿನ ಕೆಳಗಿನಿಂದ ಹೊರಗೆ ಎಳೆಯಲು ಸ್ವಲ್ಪ ವಾಲಿಸಿದಾಗ ಒಳಗೆ ಒಂದು ಸದ್ದಾಯಿತು.

ಸರ್ರ್… ಎಂದು ಜಾರಿ, ಟಿಕ್ ಟಿಕ್ ಎಂದು ನಿಂತಿತು.

ಸ್ಕ್ರೂ ಬಿದ್ದ ಸದ್ದಲ್ಲ. ಇನ್ನೊಮ್ಮೆ ವಾಲಿಸಿದೆ. ಅದೇ ಸದ್ದು. ಎಲ್ಲಿ ಕೇಳಿದ್ದೇನೆ ಇದನ್ನು? ಎಲ್ಲಿ ಏನು, ದಿನಾ ಬೆಳಿಗ್ಗೆ ಕೇಳುತ್ತೇನೆ. ಡಬ್ಬ ಖಾಲಿಯಾಗುತ್ತ ಬಂದಾಗ ತಳದಲ್ಲಿ ಉಳಿದ ನಾಲ್ಕು ಕಾಳು ಅಕ್ಕಿ ಜಾರುವ ಸದ್ದು.

ಅಕ್ಕಿ.

ತಮಿಳಿನಲ್ಲಿ ಅರಿಸಿ. ಅದುಕ್ಕುಳ್ಳೆ ಎಂದರೆ ಅದರೊಳಗೆ.

ಮಗಳ ಕಡೆ ತಿರುಗಿದೆ. “ಪುಟ್ಟಿ, ಬೆಳಿಗ್ಗೆ ನೀನು ಹೇಳಿದ್ದು ಅರಿಶಿನ ಅಲ್ಲ, ಅಲ್ವಾ? ಅರಿಸಿ.”

ಹೌದೆಂದು ತಲೆಯಾಡಿಸಿದಳು.

ಈಗ ಆ ನವರಾತ್ರಿಯ ವಿಷಯ ಹೇಳಬೇಕು. ಹೋದ ವರ್ಷ ತಾಂಬೂಲಕ್ಕೆ ಬಂದ ಹೆಂಗಸರಿಂದ ಹಾಲ್ ತುಂಬಿತ್ತು. ಅತ್ತೆ, “ವಿಭಾ, ಸೀಕ್ರಂ ಅರಿಶಿನ ತಾ” ಎಂದರು. ಹುಡುಗಿ ಓಡಿಹೋಗಿ ಎರಡೂ ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡು ಬಂದಳು. ಶಾಲೆಯಲ್ಲಿ, ಆಟದಲ್ಲಿ, ಅಂಗಡಿಯಲ್ಲಿ ಅವಳು ಕೇಳುವುದು ಅರಿಸಿಯೇ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ನೋಡ್ರೀ ನಮ್ಮ ಮನೆ ಕನ್ನಡತಿ! ಸುಮಂಗಲಿಯರ ಕೆನ್ನೆಗೆ ಅಕ್ಕಿ ಹಚ್ಚೋಕೆ ಬಂದಿದಾಳೆ!” ಒಂಬತ್ತು ದಿನವೂ ಬಂದವರಿಗೆಲ್ಲ ಅದೇ ಕಥೆ. ತಾವು ಬೇಗ ಎನ್ನುವುದಕ್ಕೆ ಸೀಕ್ರಂ ಎಂದದ್ದು ಅವರಿಗೆ ಕೇಳಿಸಿರಲಿಲ್ಲ. ಪ್ರೀತಿಯಿಂದ ನಕ್ಕದ್ದೇ, ನನಗೆ ಗೊತ್ತು. ಆದರೆ ಹತ್ತನೆಯ ದಿನದಿಂದ ವಿಭಾ ಮನೆಯಲ್ಲಿ ಕನ್ನಡ ಆಡುವುದನ್ನು ನಿಲ್ಲಿಸಿದಳು. ಅಜ್ಜಿಯೊಡನೆ ಮಾತಾಡುವುದನ್ನೇ ಹೆಚ್ಚುಕಡಿಮೆ ಬಿಟ್ಟಳು.

“ಇನ್ನೊಂದು ಸಲ ಹೇಳಬಾರದಿತ್ತೇನೇ?”

ಭುಜ ಕುಣಿಸಿದಳು.

ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕುತ್ತ ತಗಡು ಬಿಚ್ಚಿದೆ. ಹಸಿರು ಹಲಗೆ, ಚಪ್ಪಟೆಯಾದ ಬೂದುಬಣ್ಣದ ವೈರುಗಳು, ಬೆಂಕಿಪೆಟ್ಟಿಗೆಯಷ್ಟು, ಕಡಲೆಬೇಳೆಯಷ್ಟು ಸಣ್ಣ ಸಣ್ಣ ಕರಿಯ ತುಂಡುಗಳು. ಇಬ್ಬರೂ ತಲೆ ತಾಗಿಸಿ ನೋಡಿದೆವು. ಇಷ್ಟು ದಿನ ಒರೆಸಿದ್ದೇನೆ, ಹೊದಿಕೆ ಹೊದಿಸಿದ್ದೇನೆ, ಒಳಗೇನಿದೆ ಎಂದು ಒಂದು ದಿನವೂ ಅನಿಸಿರಲಿಲ್ಲವಲ್ಲ! ತಳದಲ್ಲಿ ಹಳದಿ ಅಕ್ಕಿಕಾಳುಗಳು, ಒಣಗಿದ ಸೇವಂತಿಗೆಯ ಎರಡು ದಳ. ಮಧ್ಯದಲ್ಲಿ ಅಂಗೈಯೊಳಗೆ ಹಿಡಿಸುವಷ್ಟು ಸಣ್ಣ ಫ್ಯಾನ್. ವಿಭಾ ಮುಟ್ಟದೆ, ಬೆರಳು ಮಾತ್ರ ಹತ್ತಿರ ಹಿಡಿದು ತೋರಿಸಿದಳು. ರೆಕ್ಕೆಗೂ ಅಂಚಿಗೂ ನಡುವೆ ಒಂದೇ ಒಂದು ಕಾಳು, ತುಪ್ಪ ಅರಿಶಿನದಲ್ಲಿ ಮೆತ್ತಿಕೊಂಡು, ಬಾಗಿಲಿಗೆ ಕೊಟ್ಟ ಬೆಣೆಯ ಹಾಗೆ ಗಟ್ಟಿಯಾಗಿ ಕೂತಿತ್ತು.

ಹೇಗೆ ಎಂಬುದು ಆಗ ಹೊಳೆಯಿತು. ಆಯುಧಪೂಜೆಯ ದಿನ ಮಣೆಯ ಮೇಲೆ ಕತ್ತರಿ, ಸ್ಕೂಟರಿನ ಬೀಗದ ಕೈ, ಪುಸ್ತಕಗಳ ಜೊತೆಗೆ ಕಂಪ್ಯೂಟರೂ ಇರಬೇಕೆಂದು ಅತ್ತೆ ಹಟ ಮಾಡಿದ್ದರು. ನಿಲ್ಲಿಸಿದರೆ ಅಲ್ಲಾಡುತ್ತದೆ ಎಂದು ಇವರು ಅದನ್ನು ಮಲಗಿಸಿಟ್ಟರು. ಗಾಳಿಯಾಡಲು ಪಕ್ಕದಲ್ಲಿ ಕೊರೆದಿದ್ದ ಸೀಳುಗಳು ಮೇಲ್ಮುಖವಾದವು. ಅತ್ತೆ ಕಣ್ಣು ಮುಚ್ಚಿ, ಏನೋ ಹೇಳಿಕೊಂಡು, ಧಾರಾಳವಾಗಿ ಅಕ್ಷತೆ ಹಾಕಿದರು. ಉಳಿದದ್ದಕ್ಕೆಲ್ಲ ನಾಲ್ಕು ಕಾಳು, ಇದಕ್ಕೆ ಮಾತ್ರ ಹಿಡಿ ತುಂಬ.

ತಲೆಯಿಂದ ಹೇರ್‌ಪಿನ್ ತೆಗೆದು ಕಾಳನ್ನು ಮೆಲ್ಲಗೆ ಎಬ್ಬಿಸಿದೆ. ವಿಭಾ ಬೆರಳ ತುದಿಯಿಂದ ತಾಕಿದ್ದಕ್ಕೇ ಫ್ಯಾನು ಗಿರ್ರನೆ ಒಂದು ಸುತ್ತು ಹಾಕಿತು. ಉಳಿದ ಕಾಳುಗಳನ್ನೂ ಎಣಿಸಿಕೊಂಡು ತೆಗೆದು ಸ್ಟೀಲ್ ತಟ್ಟೆಗೆ ಹಾಕಿದೆವು. ತಗಡು ಮುಚ್ಚಿ ಪ್ಲಗ್ ಹಾಕಿದೆ.

ಎಂಟನೆಯ ನಿಮಿಷಕ್ಕೆ ಇಬ್ಬರೂ ಉಸಿರು ಹಿಡಿದೆವು. ಒಂಬತ್ತಾಯಿತು. ಹದಿನಾಲ್ಕೂ ದಾಟಿತು. ನಾನು ವೇಗದ ಕೀ ಒತ್ತುತ್ತಿದ್ದೆ, ಅವಳು ತಿರುಗಿಸುತ್ತಿದ್ದಳು. ಎರಡು ಸಲ ನನ್ನಿಂದಾಗಿ ಕಾರು ಬಂಡೆಗೆ ಹೊಡೆಯಿತು. “ಅಮ್ಮಾ, ಮೆದುವಾ! ಮೆದುವಾ!” ಎಂದು ಕಿರುಚಿದಳು, ನಿಧಾನ ಅಂತ.

ಇವರು ಬಂದಾಗ ಮೂವತ್ತೈದನೆಯ ನಿಮಿಷ. ಚಪ್ಪಲಿ ಬಿಡುವುದನ್ನೂ ಮರೆತು ಪರದೆ ನೋಡಿದರು. ಕ್ಯಾಲೆಂಡರ್ ಹಾಳೆಗಳನ್ನು ಒಂದೊಂದಾಗಿ ಓದಿದರು. ಪೆಟ್ಟಿಗೆಗೆ ಕೈ ಇಟ್ಟರು.

“ಎಂಟು, ಎಂಟು, ಮೂರು, ಹದಿನಾಲ್ಕು… ನಮ್ಮ ಆಫೀಸಿನ ಸರ್ವೇಯರ್ ಕೂಡ ಇಷ್ಟು ಬರೆಯಲ್ಲ ಕಣೇ.” ಫೋನಿನ ಹತ್ತಿರ ಹೋಗುತ್ತ, “ಅಣ್ಣನಿಗೆ ಹೇಳ್ತೀನಿ, ಕಾರು ಬೇಡ, ಬರೀ ಊಟಕ್ಕೆ ಬಾ ಅಂತ. ವಿಭಾ, ತಪ್ಪು ಆಟದ್ದಲ್ಲ, ನಿಂದೂ ಅಲ್ಲ, ಆಯ್ತಾ?” ಎಂದರು. ಆಮೇಲೆ ಕೇಳಿದರು, “ಹಾಗಾದ್ರೆ ಯಾರದು?”

ನಾನು ಉತ್ತರ ಕೊಡುವ ಮೊದಲೇ ತಟ್ಟೆ ಕಣ್ಣಿಗೆ ಬಿತ್ತು. ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಸೋಫಾ ಹಿಡಿದುಕೊಂಡು ನಗತೊಡಗಿದರು. ಆ ನಗುವಿಗೆ ಅತ್ತೆ ಎದ್ದು, ಕನ್ನಡಕ ಹಾಕಿಕೊಳ್ಳುತ್ತ ಬಂದರು.

“ಅಮ್ಮಾ, ನಿನ್ನ ಆಶೀರ್ವಾದ ಸ್ವಲ್ಪ ಜಾಸ್ತಿ ಆಯ್ತು! ಕಂಪ್ಯೂಟರಿನ ಗಂಟಲಲ್ಲಿ ಸಿಕ್ಕಿಹಾಕ್ಕೊಂಡಿತ್ತು. ನಾಳೆ ಅಣ್ಣ ಬರ್ಲಿ, ಅವನಿಗೆ ಹೇಳ್ತೀನಿ ತಡಿ. ಆಫೀಸಿನಲ್ಲೂ ಹೇಳ್ಬೇಕು, ಅಕ್ಷತೆ ಬಿದ್ದು ಯಂತ್ರ ನಷ್ಟ ಅಂತ ಇದುವರೆಗೆ ಒಂದು ಕ್ಲೇಮೂ ಬಂದಿಲ್ಲ!”

“ರೀ, ಸಾಕು,” ಎಂದೆ.

ಅತ್ತೆ ತಟ್ಟೆಯ ಮುಂದೆ ಬಗ್ಗಿ ನೋಡಿದರು. ಒಂದು ಕಾಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ನಗಲು ಪ್ರಯತ್ನಿಸಿದರು. ಆಗಲಿಲ್ಲ.

“ನಾನೇ ಕೆಡಿಸಿದ್ದಾ? ಹತ್ತು ದಿನದಿಂದ ಮಗು ಮುಖ ಸಣ್ಣ ಮಾಡ್ಕೊಂಡಿದ್ದು ನನ್ನಿಂದಾನಾ?” ಕಾಳನ್ನು ತಟ್ಟೆಗೆ ಹಾಕಿದರು. “ಇನ್ಮೇಲೆ ನಾನು ಯಾವುದಕ್ಕೂ ಹಾಕಲ್ಲಪ್ಪ. ನೀವೇ ಮಾಡ್ಕೊಳ್ಳಿ ಪೂಜೆ. ನನಗೇನು ಗೊತ್ತಾಗತ್ತೆ ಇದೆಲ್ಲ.”

ಇವರ ನಗು ನಿಂತಿತು. ಅತ್ತೆ ಕೋಣೆಯ ಕಡೆ ತಿರುಗಿದರು. ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಓಡುತ್ತಿದ್ದ ಕಾರನ್ನು ಹಾಗೇ ಬಿಟ್ಟು ವಿಭಾ ಎದ್ದು ಬಂದಿದ್ದಳು. ಹಿಂದೆ ಪರದೆಯಲ್ಲಿ ಕಾರು ಬೇಲಿಗೆ ಗುದ್ದಿ ನಿಂತಿತು, ಅವಳು ನೋಡಲಿಲ್ಲ. ಅಜ್ಜಿಯ ಸೀರೆಯ ನೆರಿಗೆ ಹಿಡಿದು ನಿಲ್ಲಿಸಿದಳು.

“ಏನು ಕಣ್ಣೇ?” ಎಂದರು ಅತ್ತೆ.

ವಿಭಾ ನನ್ನ ಕಡೆ ಒಮ್ಮೆ ನೋಡಿದಳು. ಒಣ್ಣುಮಿಲ್ಲೆ ಎಂದುಬಿಡುತ್ತಾಳೆ ಎಂದುಕೊಂಡೆ. ತುಟಿ ಒದ್ದೆ ಮಾಡಿಕೊಂಡಳು. ಒಂದೊಂದೇ ಪದವನ್ನು, ಬಿದ್ದುಹೋಗಬಾರದೆಂಬಂತೆ ಜೋಪಾನವಾಗಿ ಇಡುತ್ತ, ಇಷ್ಟು ದಿನ ಒಳಗೇ ಕೂತಿದ್ದ ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದಳು.

“ಅಜ್ಜೀ, ಅವತ್ತು… ಅರಿಶಿನ ಹಚ್ಚಿದ ಅರಿಸಿ ನನ್ನ ಕಂಪ್ಯೂಟರ್ ಮೇಲೆ ಅಷ್ಟೊಂದು ಹಾಕುವಾಗ, ನೀವು ಕಣ್ಣು ಮುಚ್ಚಿ ದೇವರ ಹತ್ರ ಏನು ಕೇಳಿದ್ರಿ?”